ಯಾವ ಕಂಪನಿ ಲ್ಯಾಪ್‌ಟಾಪ್ ತಗೊಳ್ಳಲಿ? ಮೊದಲು ಪಿನ್‌ಕೋಡ್ ಹೇಳಿ

ಆಫೀಸಿನಲ್ಲಿ ಊಟಕ್ಕೆ ಕೂತಾಗ ‘ಲ್ಯಾಪ್‌ಟಾಪ್ ತಗೋಬೇಕು, ಯಾವ ಕಂಪನಿ ಒಳ್ಳೇದು?’ ಅಂತ ಒಂದು ಸಲ ಕೇಳಿ ನೋಡಿ. ಡಬ್ಬಿ ಖಾಲಿಯಾಗುವಷ್ಟರಲ್ಲಿ ಐದು ಜನ ಐದು ಹೆಸರು ಹೇಳಿರುತ್ತಾರೆ. ಒಬ್ಬರು ಹತ್ತು ವರ್ಷದಿಂದ ಒಂದೇ ಕಂಪನಿ ಬಳಸಿ ಸುಖವಾಗಿದ್ದಾರೆ. ಎದುರಿಗೆ ಕೂತವರದ್ದೂ ಅದೇ ಕಂಪನಿಯದ್ದು, ಎರಡೇ ವರ್ಷಕ್ಕೆ ಕೈಕೊಟ್ಟಿದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರ ಹತ್ತಿರ ಇರೋದು 90 ಸಾವಿರದ ಬಿಸಿನೆಸ್ ಮಾಡೆಲ್, ಇನ್ನೊಬ್ಬರದ್ದು ಹಬ್ಬದ ಆಫರ್‌ನಲ್ಲಿ ಬಂದ 35 ಸಾವಿರದ್ದು. ಮುಚ್ಚಳದ ಮೇಲಿನ ಹೆಸರು ಮಾತ್ರ ಒಂದೇ.

ಬೆಂಗಳೂರಿನ ಐಟಿ ಕಂಪನಿಯಲ್ಲಿ ಕೆಲಸ ಮಾಡುವ ತಪ್ಪಿಗೆ ನಮ್ಮ ನೆಂಟರಿಷ್ಟರ ಪಾಲಿಗೆ ನಾನೇ ‘ಕಂಪ್ಯೂಟರ್ ಗೊತ್ತಿರೋಳು’. ಪ್ರಿಂಟರ್ ಓಡದಿದ್ದರೂ ನನಗೇ ಫೋನ್. ವರ್ಷಕ್ಕೆ ಮೂರ್ನಾಲ್ಕು ಮನೆಯವರಿಗಾದರೂ ಲ್ಯಾಪ್‌ಟಾಪ್ ಆರಿಸಿಕೊಡುತ್ತೇನೆ. ಅದರಲ್ಲಿ ಅತಿ ಹೆಚ್ಚು ತಲೆ ಕೆಡಿಸಿಕೊಂಡದ್ದು ಸಾಗರದಲ್ಲಿರುವ ಚಿಕ್ಕಮ್ಮನ ಮಗಳಿಗೆ ಆರಿಸುವಾಗ. ಬಿ.ಕಾಂ. ಮುಗಿಸಿದ ಅವಳಿಗೆ ಬೆಂಗಳೂರಿನ ಒಬ್ಬ ಆಡಿಟರ್ ಹತ್ತಿರ ಮನೆಯಿಂದಲೇ ಮಾಡುವ ಕೆಲಸ ಸಿಕ್ಕಿತ್ತು. ದಿನಾ ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್. ಷರತ್ತು ಒಂದೇ: ಕಂಪ್ಯೂಟರ್ ಸ್ವಂತದ್ದಿರಬೇಕು.

ಮನೆಯಲ್ಲಿ ಅವಳ ಅಣ್ಣನ ಹಳೇ ಲ್ಯಾಪ್‌ಟಾಪ್ ಇತ್ತು, ವಿಂಡೋಸ್ 10ರದ್ದು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಮತ್ತೊಂದು ವರ್ಷ ಭದ್ರತಾ ಅಪ್‌ಡೇಟ್ ಪಡೆಯುವ ದಾರಿ ಇದ್ದರೂ ಅದು ತೇಪೆ ಅಷ್ಟೇ. ಆ ಮಷಿನ್‌ಗೆ ವಿಂಡೋಸ್ 11 ಹತ್ತುವಂತಿರಲಿಲ್ಲ. ಬೇರೆಯವರ ಲೆಕ್ಕಪತ್ರ, ಪ್ಯಾನ್ ನಂಬರ್, ಬ್ಯಾಂಕ್ ವಿವರ ಎಲ್ಲ ಅದರಲ್ಲಿಡೋದು ಸರಿಯಲ್ಲ. ಹಾಗಾಗಿ ಹೊಸದು ಬೇಕೇ ಬೇಕಾಯಿತು. ಚಿಕ್ಕಮ್ಮ ಚೀಟಿ ಎತ್ತಿದ ದುಡ್ಡು 55 ಸಾವಿರ ಇತ್ತು. ‘ಇನ್ನೊಂದು ಸಲ ಇಷ್ಟು ಹೊಂದಿಸೋಕೆ ಆಗಲ್ಲ ಮಾರಾಯ್ತಿ, ನೀನೇ ನೋಡಿ ಒಳ್ಳೇ ಕಂಪನಿದು ಹೇಳು’ ಅಂದರು.

ಒಳ್ಳೇ ಕಂಪನಿ. ಇಲ್ಲಿಂದಲೇ ಗೊಂದಲ ಶುರುವಾಗೋದು.

ಹೆಸರಿನ ಹಿಂದೆ ಯಾರಿದ್ದಾರೆ?

ಲ್ಯಾಪ್‌ಟಾಪ್ ಮಾರುವ ಹೆಚ್ಚಿನ ಕಂಪನಿಗಳು ಅದನ್ನು ಪೂರ್ತಿ ತಾವೇ ತಯಾರಿಸೋದಿಲ್ಲ. ಪ್ರಪಂಚದ ಬಹುಪಾಲು ಲ್ಯಾಪ್‌ಟಾಪ್‌ಗಳನ್ನು ಜೋಡಿಸುವುದು ಕ್ವಾಂಟಾ, ಕಂಪಾಲ್, ವಿಸ್ಟ್ರಾನ್, ಇನ್ವೆಂಟೆಕ್ ಥರದ ತೈವಾನಿನ ಕೆಲವೇ ಕಂಪನಿಗಳು. ವಿಸ್ಟ್ರಾನ್ ಹೆಸರು ನಮಗೆ ಹೊಸದೇನಲ್ಲ. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ಕಾರ್ಖಾನೆ ಅವರದ್ದೇ. 2023ರಲ್ಲಿ ಅದು ಟಾಟಾ ಕೈಗೆ ಬಂತು. ಆ ವಿಸ್ಟ್ರಾನ್ ಕೂಡ ಒಂದು ಕಾಲಕ್ಕೆ ಏಸರ್‌ನ ಭಾಗವೇ ಆಗಿತ್ತು. 1989ರಲ್ಲಿ ಏಸುಸ್ ಕಟ್ಟಿದ ಎಂಜಿನಿಯರ್‌ಗಳೂ ಏಸರ್‌ನಿಂದ ಹೊರಬಂದವರೇ. ಪ್ರೊಸೆಸರ್ ಇಂಟೆಲ್‌ದೋ ಎಎಂಡಿದೋ ಆಗಿರತ್ತೆ. ಮೆಮೊರಿ ಸ್ಯಾಮ್‌ಸಂಗ್, ಹೈನಿಕ್ಸ್, ಮೈಕ್ರಾನ್ ಪೈಕಿ ಒಬ್ಬರದ್ದು. ಬೇರೆ ಬೇರೆ ಹೋಟೆಲಿನ ಬೋರ್ಡ್ ಇದ್ದರೂ ಹಿಟ್ಟು ಬರೋದು ಒಂದೇ ಗಿರಣಿಯಿಂದ ಅನ್ನೋ ಹಾಗೆ.

ಹೆಸರುಗಳೂ ಶಾಶ್ವತವಲ್ಲ. 1992ರಲ್ಲಿ ಐಬಿಎಂ ತಂದ ಥಿಂಕ್‌ಪ್ಯಾಡ್ 2005ರಿಂದ ಚೀನಾ ಮೂಲದ ಲೆನೊವೊದ್ದು. ಕಾಂಪ್ಯಾಕ್ 2002ರಲ್ಲಿ ಎಚ್‌ಪಿ ಸೇರಿತು. ಕಾಲೇಜಿನಲ್ಲಿ ನಾವು ಆಸೆಗಣ್ಣಿನಿಂದ ನೋಡುತ್ತಿದ್ದ ವಾಯೊ ವ್ಯವಹಾರವನ್ನು ಸೋನಿ 2014ರಲ್ಲಿ ಮಾರಿಬಿಟ್ಟಿತು. ತೋಷಿಬಾ ಕೂಡ ಆಮೇಲೆ ಲ್ಯಾಪ್‌ಟಾಪ್ ಬಿಟ್ಟಿತು. ನಮ್ಮದೇ ಎಚ್‌ಸಿಎಲ್, ವಿಪ್ರೊ ಕಂಪ್ಯೂಟರ್‌ಗಳು ಒಂದು ಕಾಲಕ್ಕೆ ಬ್ಯಾಂಕು, ಸರ್ಕಾರಿ ಕಚೇರಿಗಳ ತುಂಬ ಇದ್ದವು. ಈಗ ಎರಡೂ ಕಂಪನಿಗಳು ಆ ಕೆಲಸದಲ್ಲೇ ಇಲ್ಲ. ‘ನಮ್ಮಪ್ಪ ಅದೇ ಕಂಪನಿ ತಗೊಂಡಿದ್ರು, ಹನ್ನೆರಡು ವರ್ಷ ಬಂತು’ ಅನ್ನೋ ಮಾತು ಪ್ರೀತಿಯದ್ದು, ಆದರೆ ಅವರು ತಗೊಂಡ ಮಷಿನ್ ಮಾಡಿದ ಕೈಗಳು ಈಗಿನದನ್ನು ಮಾಡಿರಬೇಕು ಅಂತೇನಿಲ್ಲ.

ಹಾಗಾದರೆ ಬ್ರ್ಯಾಂಡ್ ಅಂದರೆ ಏನೂ ಅಲ್ವಾ? ಹಾಗೂ ಅಲ್ಲ. ಯಾವ ಭಾಗ ಹಾಕಬೇಕು, ಎಲ್ಲಿ ಉಳಿಸಬೇಕು, ಹಿಂಜ್ ಎಷ್ಟು ಗಟ್ಟಿ ಇರಬೇಕು ಅಂತ ತೀರ್ಮಾನಿಸುವುದು ಬ್ರ್ಯಾಂಡೇ. ಎಲ್ಲಕ್ಕಿಂತ ಮುಖ್ಯವಾಗಿ, ಕೆಟ್ಟಾಗ ಯಾರು ಬರುತ್ತಾರೆ ಅನ್ನೋದು ಅವರ ಕೈಯಲ್ಲಿದೆ. ಆದರೆ ಈ ತೀರ್ಮಾನಗಳು ಇಡೀ ಕಂಪನಿಗೆ ಒಂದೇ ಥರ ಇರೋದಿಲ್ಲ, ಸೀರೀಸ್‌ನಿಂದ ಸೀರೀಸ್‌ಗೆ ಬದಲಾಗುತ್ತವೆ.

ಲೆನೊವೊದಲ್ಲಿ ಐಡಿಯಾಪ್ಯಾಡ್ ಮನೆಬಳಕೆಗೆ, ಥಿಂಕ್‌ಪ್ಯಾಡ್ ಕಚೇರಿಗೆ. ಎಚ್‌ಪಿಯಲ್ಲಿ ಪೆವಿಲಿಯನ್ ಒಂದು ಕಡೆ, ಪ್ರೊಬುಕ್, ಎಲೈಟ್‌ಬುಕ್ ಇನ್ನೊಂದು ಕಡೆ. ಏಸುಸ್‌ನ ವಿವೊಬುಕ್ ಬೇರೆ, ಎಕ್ಸ್‌ಪರ್ಟ್‌ಬುಕ್ ಬೇರೆ. ಏಸರ್‌ನ ಆಸ್ಪೈರ್ ಬೇರೆ, ಟ್ರಾವೆಲ್‌ಮೇಟ್ ಬೇರೆ. ಡೆಲ್‌ನ ಇನ್‌ಸ್ಪಿರಾನ್, ಲ್ಯಾಟಿಟ್ಯೂಡ್ ಅಂತ ಬಾಯಿಪಾಠ ಆಗಿತ್ತು. 2025ರ ಜನವರಿಯಲ್ಲಿ ಅವರು ಡೆಲ್, ಡೆಲ್ ಪ್ರೊ, ಡೆಲ್ ಪ್ರೊ ಮ್ಯಾಕ್ಸ್ ಅಂತ ಹೊಸ ಹೆಸರಿಟ್ಟು ಎಲ್ಲರಿಗೂ ಮರುಪಾಠ ಮಾಡಿಸಿದರು. ಸಾಮಾನ್ಯವಾಗಿ ಮನೆಬಳಕೆಯ ಸೀರೀಸ್‌ನಲ್ಲಿ ಅದೇ ದುಡ್ಡಿಗೆ ಚಂದದ ಸ್ಕ್ರೀನ್, ಜಾಸ್ತಿ ಸ್ಟೋರೇಜ್ ಸಿಗತ್ತೆ. ಕಚೇರಿ ಸೀರೀಸ್‌ನಲ್ಲಿ ಕೀಬೋರ್ಡ್, ಹಿಂಜ್, ರಿಪೇರಿಯ ಸೌಲಭ್ಯಕ್ಕೆ ಹೆಚ್ಚು ಗಮನ ಕೊಟ್ಟಿರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಒಂದೇ ಕಂಪನಿಯ ಈ ಎರಡು ಸೀರೀಸ್ ನಡುವಿನ ಅಂತರ, ಎರಡು ಕಂಪನಿಗಳ ನಡುವಿನ ಅಂತರಕ್ಕಿಂತ ದೊಡ್ಡದು.

577401ಕ್ಕೆ ಯಾರು ಬರ್ತೀರಿ?

ತಂಗಿ ಕೆಲಸದ ವಿಷಯಕ್ಕೆ ಬರೋಣ. ಜಿಎಸ್‌ಟಿಆರ್-1 ಸಲ್ಲಿಸೋದಕ್ಕೆ ಪ್ರತಿ ತಿಂಗಳ 11, ಜಿಎಸ್‌ಟಿಆರ್-3ಬಿಗೆ 20 ಸಾಮಾನ್ಯ ಗಡುವು. ತಡವಾದರೆ ದಿನಕ್ಕೆ 50 ರೂಪಾಯಿಯಂತೆ ಲೇಟ್ ಫೀ ಬೀಳತ್ತೆ, ತೆರಿಗೆ ಬಾಕಿ ಇದ್ದರೆ ಬಡ್ಡಿ ಬೇರೆ. 18ನೇ ತಾರೀಕು ಲ್ಯಾಪ್‌ಟಾಪ್ ಆನ್ ಆಗಲಿಲ್ಲ ಅಂದ್ರೆ? ಲೇಟ್ ಫೀ ಹೇಗೋ ಕಟ್ಟಬಹುದು. ಹೊಸದಾಗಿ ಸೇರಿದ ಹುಡುಗಿಯ ಮೇಲೆ ಆಡಿಟರ್ ಇಟ್ಟ ನಂಬಿಕೆಗೆ ಪೆಟ್ಟಾದರೆ ಅದಕ್ಕೆ ಫೀ ಕಟ್ಟಿ ಪ್ರಯೋಜನವಿಲ್ಲ.

ಬೆಂಗಳೂರಿನಲ್ಲಿರುವ ನಮಗೆ ಇದು ಅರ್ಥವಾಗೋದು ಕಷ್ಟ. ಮೆಟ್ರೊ ಹತ್ತಿ ಸರ್ವಿಸ್ ಸೆಂಟರ್‌ಗೆ ಕೊಟ್ಟು ಬರಬಹುದು. ಸಣ್ಣ ಊರಿನ ಕಥೆ ಬೇರೆ. ನನ್ನ ಸಹೋದ್ಯೋಗಿಯೊಬ್ಬರು ವರ್ಕ್ ಫ್ರಮ್ ಹೋಮ್ ಅಂತ ಉತ್ತರ ಕನ್ನಡದ ಊರಿಗೆ ಹೋಗಿದ್ದಾಗ ಅವರ ಸ್ವಂತ ಲ್ಯಾಪ್‌ಟಾಪಿನ ಹಿಂಜ್ ಮುರಿಯಿತು. ವಾರಂಟಿ ಇತ್ತು. ಆದರೆ ಅದು ಕ್ಯಾರಿ-ಇನ್, ಅಂದ್ರೆ ನೀವೇ ಹೊತ್ತುಕೊಂಡು ಹೋಗಿ ಕೊಡಬೇಕಾದ್ದು. ಹತ್ತಿರದ ಸೆಂಟರ್ ಹುಬ್ಬಳ್ಳಿಯಲ್ಲಿ. ಕೊಟ್ಟು ಬಂದರೆ ‘ಪಾರ್ಟ್ ಬರಬೇಕು’ ಅಂತ ಮೂರು ವಾರ. ತರೋದಕ್ಕೆ ಮತ್ತೊಂದು ದಿನ ರಜೆ. ಆ ಕಂಪನಿ ಜಾಹೀರಾತಿನಲ್ಲಿ ‘ದೇಶದಾದ್ಯಂತ ಸರ್ವಿಸ್’ ಅಂತಲೇ ಇತ್ತು. ಹುಬ್ಬಳ್ಳಿಯೂ ದೇಶದಲ್ಲೇ ಇದೆಯಲ್ಲ!

ಅದಕ್ಕೇ ನಾನು ಮಾಡೆಲ್ ನೋಡುವ ಮೊದಲು ಮೂರು ಕಂಪನಿಗಳ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಮೂವರಿಗೂ ಕೇಳಿದ್ದು ಒಂದೇ. ಪಿನ್‌ಕೋಡ್ 577401, ಸಾಗರ. ಈ ಸೀರೀಸ್‌ಗೆ ಆನ್‌ಸೈಟ್ ವಾರಂಟಿ ಇದೆಯಾ? ಇದ್ದರೆ ಟೆಕ್ನಿಷಿಯನ್ ಎಲ್ಲಿಂದ ಬರ್ತಾರೆ? ಅವರು ಬರೋ ಹಾಗಿಲ್ಲ ಅಂದ್ರೆ ನಾವು ಎಲ್ಲಿಗೆ ತರಬೇಕು? ಒಬ್ಬರು ನೇರವಾಗಿ ‘ಬರ್ತೀವಿ ಮೇಡಂ, ಶಿವಮೊಗ್ಗದಿಂದ ಎಂಜಿನಿಯರ್ ಕಳಿಸ್ತೀವಿ, ಪಾರ್ಟ್ ಬಂದ ಮೇಲೆ ಒಂದೆರಡು ದಿನ’ ಅಂದರು. ಇನ್ನೊಬ್ಬರು ಶಿವಮೊಗ್ಗಕ್ಕೆ ತರಬೇಕು ಅಂದರು. ಅದೇ 70 ಕಿಲೋಮೀಟರ್ ದೂರ. ಮೂರನೆಯವರು ಹತ್ತು ನಿಮಿಷ ಸಂಗೀತ ಕೇಳಿಸಿ, ‘ಖರೀದಿಸಿದ ಮೇಲೆ ಸೀರಿಯಲ್ ನಂಬರ್ ಹಾಕಿ ನೋಡಿ’ ಅಂದರು. ಕೊಳ್ಳೋಕೆ ಮೊದಲೇ ಹೀಗಾದರೆ ಕೊಂಡ ಮೇಲೆ ಹೇಗೆ ಅಂತ ಅವರನ್ನು ಅಲ್ಲಿಗೇ ಕೈಬಿಟ್ಟೆ.

ಮೊದಲನೆಯವರು ಯಾರು ಅಂತ ಬೇಕಂತಲೇ ಬರೆಯುತ್ತಿಲ್ಲ. ಸಾಗರಕ್ಕೆ ಸಿಕ್ಕ ಉತ್ತರ ನಿಮ್ಮ ಊರಿಗೆ ಸಿಗಬೇಕೆಂದಿಲ್ಲ. ಅದೇ ಕಂಪನಿ ಸಿಂಧನೂರಿಗೋ ಮಡಿಕೇರಿಗೋ ಬೇರೆಯದೇ ಹೇಳಬಹುದು. ಸರ್ವಿಸ್ ಕೆಲಸವನ್ನು ಸ್ಥಳೀಯ ಏಜೆನ್ಸಿಗಳಿಗೆ ಗುತ್ತಿಗೆ ಕೊಡುವುದು ಸಾಮಾನ್ಯ. ಹಾಗಾಗಿ ಊರಿನಲ್ಲಿ ನಾಲ್ಕು ವರ್ಷದಿಂದ ಅಂಗಡಿ ಇಟ್ಟ ರಿಪೇರಿಯವರನ್ನೂ ಒಂದು ಮಾತು ಕೇಳಿ. ಯಾವ ಕಂಪನಿಯ ಪಾರ್ಟ್ ಬೇಗ ಸಿಗತ್ತೆ, ಯಾವುದರದ್ದು ಸತಾಯಿಸತ್ತೆ ಅನ್ನೋದು ಅವರಿಗೆ ಬಾಯಲ್ಲಿರತ್ತೆ. ನಾನು ಕೇಳಿದಾಗ ಸಾಗರದ ಅಂಗಡಿಯವರು ಬ್ರ್ಯಾಂಡ್ ಮಾತು ಆಮೇಲೆ ಎತ್ತಿದರು, ಮೊದಲು ಹೇಳಿದ್ದು ‘ಮನೇಲಿ ಅರ್ಥಿಂಗ್ ಸರಿ ಇದ್ಯಾ ನೋಡಿಸಿ ಮೇಡಂ, ಮಳೆಗಾಲದಲ್ಲಿ ಸಿಡಿಲಿಗೆ ಎಷ್ಟು ಬೋರ್ಡ್ ಹೋಗ್ತವೆ ಗೊತ್ತಾ’ ಅಂತ. ನ್ಯಾಯವಾದ ಮಾತು. ಸಿಡಿಲು, ನೀರು, ಬಿದ್ದು ಒಡೆದದ್ದು ಮಾಮೂಲಿ ವಾರಂಟಿಗೆ ಸೇರೋದಿಲ್ಲ. ಅದಕ್ಕೆ ಆಕ್ಸಿಡೆಂಟಲ್ ಡ್ಯಾಮೇಜ್ ಅಂತ ಬೇರೆ ಪ್ಲ್ಯಾನ್ ಇರತ್ತೆ. ಮಲೆನಾಡಿನ ಮನೆಗೆ ನಾನು ಅದನ್ನು ಐಷಾರಾಮ ಅನ್ನೋಲ್ಲ.

ಕೆಲಸ ಹೇಳಿದ್ದು, ಅಂಗಡಿಯವರು ತೋರಿಸಿದ್ದು

ಕಂಪನಿ ಎರಡಕ್ಕೆ ಇಳಿದ ಮೇಲೆ ಉಳಿದದ್ದನ್ನು ಕೆಲಸವೇ ತೀರ್ಮಾನಿಸಿತು. ಟ್ಯಾಲಿ ಓಡೋದು ವಿಂಡೋಸ್‌ನಲ್ಲಿ. ಹಾಗಾಗಿ ಮ್ಯಾಕ್‌ಬುಕ್ ಪ್ರಶ್ನೆಯೇ ಬರಲಿಲ್ಲ, ಬಜೆಟ್ಟೂ ಅದಕ್ಕೆ ಆಗುತ್ತಿರಲಿಲ್ಲ. ದಿನವಿಡೀ ಅಂಕಿ ಹೊಡೆಯುವವರಿಗೆ ಬಲಗಡೆ ನಂಬರ್ ಪ್ಯಾಡ್ ಬೇಕು, ಅದು ಸಾಮಾನ್ಯವಾಗಿ 15.6 ಇಂಚಿನವುಗಳಲ್ಲಿ ಸಿಗತ್ತೆ. ಡಿಜಿಟಲ್ ಸಹಿಯ ಟೋಕನ್ ಇನ್ನೂ ಹಳೇ ಅಗಲದ ಯುಎಸ್‌ಬಿ ಪಿನ್ನಿನದ್ದೇ, ಹಾಗಾಗಿ ಬರೀ ಟೈಪ್-ಸಿ ಇರುವ ತೆಳ್ಳಗಿನ ಲ್ಯಾಪ್‌ಟಾಪ್ ತಗೊಂಡರೆ ಪ್ರತಿ ಸಲ ಅಡಾಪ್ಟರ್ ಹುಡುಕಬೇಕು. ಇವೆಲ್ಲ ಯಾವ ರಿವ್ಯೂ ವಿಡಿಯೋದಲ್ಲೂ ನನಗೆ ಸಿಗಲಿಲ್ಲ. ಅವಳನ್ನೇ ‘ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡ್ತೀಯ?’ ಅಂತ ಕೇಳಿದಾಗ ಸಿಕ್ಕವು.

ನಿಮ್ಮ ಕೆಲಸ ಬೇರೆ ಇರಬಹುದು. ಸಾಫ್ಟ್‌ವೇರ್ ಬರೆಯುವವರಿಗೆ, ವಿಡಿಯೋ ಎಡಿಟ್ ಮಾಡುವವರಿಗೆ ಮ್ಯಾಕ್‌ಬುಕ್ ನಿಜಕ್ಕೂ ಒಳ್ಳೆಯದು. 2020ರ ನವೆಂಬರ್‌ನಲ್ಲಿ ಸ್ವಂತ ಎಂ1 ಚಿಪ್ ತಂದಮೇಲೆ ಅದರ ಬ್ಯಾಟರಿ ಬಾಳಿಕೆ ಬೇರೆಯವರಿಗೆ ತಲೆನೋವಾಗಿದೆ. ಆದರೆ ಮೆಮೊರಿ, ಸ್ಟೋರೇಜ್ ಕೊಂಡಷ್ಟೇ, ಆಮೇಲೆ ಏರಿಸೋಕೆ ಬರೋದಿಲ್ಲ. ಸರ್ಕಾರಿ ಕಚೇರಿಗೆ ನುಡಿಯಲ್ಲಿ ಕಡತ ಮಾಡಿಕೊಡಬೇಕಾದವರು, ಡಿಟಿಪಿಯವರು ವಿಂಡೋಸ್‌ಗೇ ಅಂಟಿಕೊಳ್ಳೋದು ಕ್ಷೇಮ. ಗೇಮಿಂಗ್ ಲ್ಯಾಪ್‌ಟಾಪ್ ಬಗ್ಗೆ ಒಂದೇ ಮಾತು: ಅದರ ಚಾರ್ಜರನ್ನು ಒಂದು ಸಲ ಕೈಯಲ್ಲಿ ಎತ್ತಿ ನೋಡಿ, ದಿನಾ ಬಸ್ಸಿನಲ್ಲಿ ಹೊರುತ್ತೀರಾ ಅಂತ ಆಮೇಲೆ ತೀರ್ಮಾನಿಸಿ.

ಶಿವಮೊಗ್ಗದ ಅಂಗಡಿಗೆ ತಂಗಿ, ಚಿಕ್ಕಮ್ಮ ಹೋದಾಗ ನಾನು ವಿಡಿಯೋ ಕಾಲ್‌ನಲ್ಲಿದ್ದೆ. ಅಂಗಡಿಯವರು ಮೊದಲು ತೋರಿಸಿದ್ದು ನಾವು ಕೇಳಿದ ಬ್ರ್ಯಾಂಡಿನದ್ದೇ, ‘ರೈಝನ್ 5, ಏಳು ಸಾವಿರದ ಸೀರೀಸ್, ಲೇಟೆಸ್ಟ್’ ಅಂತ. ಕೆಳಗಿನ ಸ್ಟಿಕ್ಕರ್ ತೋರಿಸೋಕೆ ಹೇಳಿದೆ. 7520ಯು ಇತ್ತು. ಈ ಏಳು ಸಾವಿರದ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಮೂರನೆಯ ಅಂಕಿ ನೋಡಬೇಕು. ಅದು 2 ಆಗಿದ್ದರೆ ಒಳಗಿರೋದು ಝೆನ್ 2, ಅಂದ್ರೆ 2019ರಲ್ಲಿ ಬಂದ ವಿನ್ಯಾಸ. 7540ಯು ಆದರೆ ಝೆನ್ 4. ಹೆಸರಿನಲ್ಲಿ ಎರಡೂ ರೈಝನ್ 5, ಎರಡೂ ಏಳು ಸಾವಿರ. ಒಳಗೆ ಎರಡು ತಲೆಮಾರಿನ ವ್ಯತ್ಯಾಸ. ಇಂಟೆಲ್‌ನಲ್ಲೂ ಬರೀ ಐ5 ಅಂದರೆ ಸಾಲದು, ಪೂರ್ತಿ ನಂಬರ್ ಬೇಕು. ಕೊನೆಯಲ್ಲಿ ಯು ಇದ್ದರೆ ಕರೆಂಟ್ ಕಡಿಮೆ ಎಳೆಯತ್ತೆ, ಎಚ್ ಇದ್ದರೆ ಶಕ್ತಿ ಜಾಸ್ತಿ, ಬಿಸಿಯೂ ಜಾಸ್ತಿ.

ಇದನ್ನು ಮೋಸ ಅನ್ನೋಲ್ಲ ನಾನು. ಸ್ಟಿಕ್ಕರ್ ಮೇಲೆ ಬರೆದೇ ಇದೆ. ಆದರೆ ಓದೋದು ಹೇಗೆ ಅಂತ ಯಾರೂ ಹೇಳಿಕೊಡೋದಿಲ್ಲ.

ಆಮೇಲೆ ಮೆಮೊರಿ. ‘8 ಜಿಬಿ ಸಾಕು ಮೇಡಂ, ಬೇಕಾದ್ರೆ ಮುಂದೆ ಹಾಕಿಸ್ಕೊಳ್ಳಿ’ ಅಂದರು ಅಂಗಡಿಯವರು. ಹಾಕಿಸಿಕೊಳ್ಳೋಕೆ ಜಾಗ ಇರಬೇಕಲ್ಲ. ವಿವರದಲ್ಲಿ ‘ಎಲ್‌ಪಿಡಿಡಿಆರ್5’ ಅಂತ ಇದ್ದರೆ ಆ ಮೆಮೊರಿ ಬಹುಮಟ್ಟಿಗೆ ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದು. ಬರೀ ‘ಡಿಡಿಆರ್5’ ಇದ್ದು, ಸ್ಲಾಟ್ ಇದೆ ಅಂತ ಬರೆದಿದ್ದರೆ ಬದಲಿಸಬಹುದು. ಕೆಲವದರಲ್ಲಿ ಅರ್ಧ ಬೆಸುಗೆ, ಅರ್ಧ ಸ್ಲಾಟ್. ಇದನ್ನು ಅಂಗಡಿಯವರ ಬಾಯಲ್ಲಿ ಕೇಳಿ ನಂಬೋದಕ್ಕಿಂತ ಕಂಪನಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನೋಡೋದು ಒಳ್ಳೆಯದು. ಲೆನೊವೊ, ಡೆಲ್, ಎಚ್‌ಪಿ ಮೂರೂ ತಮ್ಮ ಮ್ಯಾನ್ಯುಯಲ್‌ಗಳನ್ನು ಜಾಲತಾಣದಲ್ಲಿ ಇಟ್ಟಿವೆ. ಮಾಡೆಲ್ ಹೆಸರು ಹಾಕಿ ಹುಡುಕಿದರೆ ಫೋನಿನಲ್ಲೇ ಐದು ನಿಮಿಷದ ಕೆಲಸ. ತಂಗಿ ಕೌಂಟರ್ ಮುಂದೆ ನಿಂತೇ ಹುಡುಕಿದಳು. ಅಂಗಡಿಯವರಿಗೆ ಸ್ವಲ್ಪ ಇರುಸುಮುರುಸಾಯಿತು, ಆಮೇಲೆ ಅವರೇ ಕುರ್ಚಿ ಹಾಕಿಸಿ ಟೀ ತರಿಸಿದರು.

ಸ್ಕ್ರೀನ್ ವಿಷಯದಲ್ಲಿ ಅವಳೇ ರಾಜಿ ಮಾಡಿಕೊಂಡಳು. ಈ ಬೆಲೆಯಲ್ಲಿ ಹೆಚ್ಚಿನವು 250 ನಿಟ್ಸ್ ಬೆಳಕು, 45 ಪರ್ಸೆಂಟ್ ಎನ್‌ಟಿಎಸ್‌ಸಿ ಬಣ್ಣದವು. ಸಿನಿಮಾ ಪೇಲವವಾಗಿ ಕಾಣತ್ತೆ, ಎಕ್ಸೆಲ್‌ಗೆ ಏನೂ ತೊಂದರೆಯಿಲ್ಲ. ‘ನಾನೇನು ಅದ್ರಲ್ಲಿ ಸಿನಿಮಾ ನೋಡ್ತೀನಾ ಅಕ್ಕಾ’ ಅಂದಳು. (ನೋಡ್ತಾಳೆ. ಆದರೆ ಇರಲಿ.) ಫೋಟೋ, ಡಿಸೈನ್ ಕೆಲಸದವರು ಮಾತ್ರ ಇಲ್ಲಿ ರಾಜಿಯಾಗಬೇಡಿ, 100 ಪರ್ಸೆಂಟ್ ಎಸ್‌ಆರ್‌ಜಿಬಿ ಅಂತ ಬರೆದಿರೋದೇ ಕೇಳಿ.

ಕೊನೆಗೆ ಬಂದದ್ದು, ಆನ್‌ಸೈಟ್ ಬರ್ತೀವಿ ಅಂದಿದ್ದ ಕಂಪನಿಯದ್ದೇ, ಕಚೇರಿ ಸೀರೀಸ್‌ನ ಕೆಳಗಿನ ಮೆಟ್ಟಿಲಿನದ್ದು. 16 ಜಿಬಿ ಮೆಮೊರಿ, 512 ಜಿಬಿ ಎಸ್‌ಎಸ್‌ಡಿ. ನೋಡೋಕೆ ಕಪ್ಪಗೆ, ದಪ್ಪಗೆ, ಶಾಲೆಯ ಹೆಡ್‌ಮಾಸ್ಟರ್ ಥರ. ಅದೇ ದುಡ್ಡಿಗೆ ಪಕ್ಕದಲ್ಲೇ ಬೆಳ್ಳಿ ಬಣ್ಣದ ತೆಳ್ಳಗಿನದು ಹೊಳೀತಾ ಇತ್ತು, ಬ್ಯಾಗ್ ಮತ್ತು ಇಯರ್‌ಫೋನ್ ಫ್ರೀ. ಚಿಕ್ಕಮ್ಮನ ಕಣ್ಣು ಅದರ ಮೇಲೆಯೇ ಇತ್ತು. ಅದರದ್ದು ಕ್ಯಾರಿ-ಇನ್ ವಾರಂಟಿ. ‘70 ಕಿಲೋಮೀಟರ್ ಹೊತ್ಕೊಂಡು ಬರೋಳು ನಾನಲ್ವಾ ಅಮ್ಮ’ ಅಂತ ತಂಗಿ ಹೇಳಿದ ಮೇಲೆ ಸುಮ್ಮನಾದರು.

ಬಜೆಟ್ ಇನ್ನೂ ಕಡಿಮೆ ಇದ್ದರೆ

30 ಸಾವಿರದೊಳಗೆ ಕೇಳುವವರಿಗೆ ನಾನು ಹೊಸದಕ್ಕಿಂತ ರಿಫರ್ಬಿಶ್ಡ್ ಹೇಳೋದೇ ಹೆಚ್ಚು. ಐಟಿ ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳು ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸಾಲಾಗಿ ಸಿಗತ್ತವೆ. ಕಟ್ಟುಮಸ್ತು, ರಿಪೇರಿಗೆ ಸುಲಭ. ಎರಡು ವಿಷಯ ನೋಡಿ. ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಆಮೇಲಿನದು ಇರಲೇಬೇಕು, ಇಲ್ಲದಿದ್ದರೆ ವಿಂಡೋಸ್ 11ಕ್ಕೆ ಅಧಿಕೃತ ಬೆಂಬಲ ಸಿಗೋದಿಲ್ಲ. ಬ್ಯಾಟರಿ ಸವೆದಿರತ್ತೆ ಅಂತಲೇ ಲೆಕ್ಕ ಹಾಕಿ, ಹೊಸ ಬ್ಯಾಟರಿಯ ಬೆಲೆಯನ್ನೂ ಕೂಡಿಸಿಕೊಂಡೇ ಚೌಕಾಸಿ ಮಾಡಿ. ಬಿಲ್ ಕೊಡಲ್ಲ ಅನ್ನೋ ಅಂಗಡಿಯಿಂದ ಕೆಳಗಿಳಿದು ಬನ್ನಿ, ಪಕ್ಕದಲ್ಲಿ ಇನ್ನೊಂದಿದೆ.

ಮನೆಗೆ ತಂದ ದಿನ

ಡಬ್ಬ ಬಿಚ್ಚುವಾಗ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ, ಆನ್‌ಲೈನ್‌ನಲ್ಲಿ ತರಿಸಿದ್ದರಂತೂ ಬಿಡಬೇಡಿ. ಸೀರಿಯಲ್ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ವಾರಂಟಿ ಯಾವ ದಿನದಿಂದ ಶುರುವಾಗಿದೆ ನೋಡಿ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತ ಮಷಿನ್ ಆಗಿದ್ದರೆ ನೀವು ಕೊಳ್ಳುವ ಮೊದಲೇ ವಾರಂಟಿ ಓಡೋಕೆ ಶುರುವಾಗಿರಬಹುದು. ಬಿಲ್ ಕಳಿಸಿ ಕೇಳಿದರೆ ತಿದ್ದಿಕೊಡುತ್ತಾರೆ. ತಂಗಿಯದ್ದು ಐದು ವಾರ ಹಿಂದಿನ ತಾರೀಕು ತೋರಿಸುತ್ತಿತ್ತು, ಇಮೇಲ್ ಮಾಡಿ ಸರಿ ಮಾಡಿಸಿದೆವು.

ವಿಂಡೋಸ್, ಆಫೀಸ್ ಆಕ್ಟಿವೇಟ್ ಮಾಡುವಾಗ ನಿಮ್ಮದೇ ಇಮೇಲ್ ಕೊಡಿ. ಅಂಗಡಿಯ ಹುಡುಗ ‘ನಾನೇ ಮಾಡ್ಕೊಡ್ತೀನಿ’ ಅಂತ ಅವನ ಅಕೌಂಟ್ ಹಾಕಿಬಿಟ್ಟರೆ ಲ್ಯಾಪ್‌ಟಾಪ್ ಜೊತೆ ಬಂದ ಆಫೀಸ್ ಅವನ ಹೆಸರಿಗೇ ಉಳಿಯತ್ತೆ. ಮೊದಲ ವಾರ ಎಲ್ಲ ಪೋರ್ಟ್, ಕ್ಯಾಮೆರಾ, ಮೈಕ್ ಬಳಸಿ ನೋಡಿ, ಬದಲಿಸಿ ಕೊಡುವ ಅವಧಿ ಕೆಲವೇ ದಿನ. ಅಂಗಡಿಯವರೂ ಕಂಪನಿಯವರೂ ಒಬ್ಬರ ಮೇಲೊಬ್ಬರು ಹಾಕಿ ಓಡಾಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು.

ಮೊದಲ ವರ್ಷದ ವಾರಂಟಿ ಮುಗಿಯುವ ಮೊದಲೇ ವಿಸ್ತರಣೆ ಕೊಂಡರೆ ಅಗ್ಗ. ಮುಗಿದ ಮೇಲೆ ಕೆಲವು ಕಂಪನಿ ಕೊಡೋದೇ ಇಲ್ಲ, ಕೊಟ್ಟರೂ ದುಬಾರಿ. ತಂಗಿ ಹನ್ನೊಂದನೇ ತಿಂಗಳಿಗೆ ಫೋನಿನಲ್ಲಿ ರಿಮೈಂಡರ್ ಇಟ್ಟುಕೊಂಡಿದ್ದಾಳೆ. ದುಡ್ಡು ಈ ಸಲ ಅವಳ ಸಂಬಳದಿಂದಲೇ ಹೋಗತ್ತೆ.